ತಾತ್ಕಾಲಿಕ ಅಂತ ಬಿಟ್ಟ ಒಂದು ವೈರು

2024ರ ಬೇಸಿಗೆ ಬೆಂಗಳೂರಿನಲ್ಲಿ ಇದ್ದವರಿಗೆಲ್ಲ ನೆನಪಿರುತ್ತದೆ. ಬೋರ್‌ವೆಲ್‌ಗಳು ಒಂದೊಂದಾಗಿ ಕೈಕೊಟ್ಟವು. ಕುಡಿಯುವ ನೀರಿನಲ್ಲಿ ಗಾಡಿ ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಮಾರ್ಚ್‌ನಲ್ಲಿ ಹೇಳಿತು. ಸರ್ಜಾಪುರ ರಸ್ತೆ ಕಡೆ ನಾನು ನೋಡಿಕೊಳ್ಳುವ ಅಪಾರ್ಟ್‌ಮೆಂಟಿನಲ್ಲಿ ಟ್ಯಾಂಕರ್ ಬಂದರೆ ನೀರು, ಇಲ್ಲದಿದ್ದರೆ ಇಲ್ಲ. ಅದೇ ಹೊತ್ತಿನಲ್ಲಿ ಬಿ ಬ್ಲಾಕಿನ ಎರಡನೇ ಪಂಪು ಪದೇಪದೇ ಕೆಡುತ್ತಿತ್ತು. ಮಾರ್ಚ್‌ನಲ್ಲಿ ಸೀಲ್ ಹೋಯಿತು, ಅಂದರೆ ಪಂಪಿನಿಂದ ನೀರು ಸೋರದಂತೆ ತಡೆಯುವ ಭಾಗ. ಬದಲಾಯಿಸಿದೆವು. ಏಪ್ರಿಲ್‌ನಲ್ಲಿ ಮತ್ತೆ ಹೋಯಿತು. ಮೇನಲ್ಲಿ ಮತ್ತೆ.

ಮೂರು ಸಲವೂ ಬೇರೆಬೇರೆ ಶಿಫ್ಟಿನವರು ಸರಿ ಮಾಡಿದ್ದರು. ಬಿಲ್ಲು ಅಕೌಂಟ್ಸ್‌ಗೆ ಹೋಯಿತು, ನೀರು ಮನೆಗೆ ಹೋಯಿತು, ಎಲ್ಲರೂ ಮುಂದಿನ ಕೆಲಸಕ್ಕೆ ಹೋದರು. ಹಳೇ ಪದ್ಧತಿಯೇ ಇದ್ದಿದ್ದರೆ ನಾಲ್ಕನೇ ಸೀಲನ್ನೂ ತರಿಸುತ್ತಿದ್ದೆ.

ಹಳೇ ಪದ್ಧತಿ ಅಂದರೆ ಗೇಟಿನ ಹತ್ತಿರ ಒಂದು ಕಂಪ್ಲೇಂಟ್ ಪುಸ್ತಕ, ಒಂದು ವಾಟ್ಸಾಪ್ ಗ್ರೂಪು, ಒಂದು ಇಂಟರ್‌ಕಾಮ್. ಇವು ಮೂರೂ ಸಾಲದು ಅಂತ ಲಿಫ್ಟಿನ ಹತ್ತಿರ ಪ್ಲಂಬರನ್ನು ನಿಲ್ಲಿಸಿ, 'ಸ್ವಲ್ಪ ನಮ್ಮ ಮನೆಗೂ ಬಂದು ಹೋಗಪ್ಪ' ಅನ್ನುವವರು. ಕೆಲಸ ಆಗುತ್ತಿರಲಿಲ್ಲ ಅಂತಲ್ಲ. ನಮ್ಮ ಹುಡುಗರು ಬೆಳಿಗ್ಗೆಯಿಂದ ರಾತ್ರಿವರೆಗೆ ಓಡಾಡುತ್ತಿದ್ದರು. ಆದರೆ ಯಾವ ಯಂತ್ರಕ್ಕೆ ಯಾವತ್ತು ಏನು ಮಾಡಿದೆವು ಅನ್ನುವುದು ಯಾರದೋ ತಲೆಯಲ್ಲಿರುತ್ತಿತ್ತು. ಅವನು ಕೆಲಸ ಬಿಟ್ಟರೆ ಅದೂ ಅವನ ಜೊತೆ ಹೋಯಿತು.

ಆ ವರ್ಷ ಜನವರಿಯಲ್ಲಿ ವರ್ಕ್ ಆರ್ಡರ್ ಸಾಫ್ಟ್‌ವೇರ್, ಅಂದರೆ ದೂರು ಮತ್ತು ರಿಪೇರಿಗಳನ್ನೆಲ್ಲ ದಾಖಲಿಸುವ ಒಂದು ಆ್ಯಪ್, ಹಾಕಿಸಿದ್ದೆವು. ಪ್ರತಿ ಪಂಪಿಗೂ ಪ್ಯಾನಲ್ಲಿಗೂ ಒಂದು ಕ್ಯೂಆರ್ ಸ್ಟಿಕ್ಕರ್. ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಅದರ ಹಿಂದಿನ ಕೆಲಸಗಳೆಲ್ಲ ಕಾಣಿಸುತ್ತವೆ. ಮೇ ತಿಂಗಳಲ್ಲಿ ಹಾವೇರಿ ಕಡೆಯ ನಮ್ಮ ಎಲೆಕ್ಟ್ರಿಷಿಯನ್ ಹುಡುಗ ಆ ಪಂಪಿನ ಮುಂದೆ ಕೂತು ಸ್ಕ್ಯಾನ್ ಮಾಡಿದ. ಆಮೇಲೆ ನನಗೆ ಫೋನ್ ಮಾಡಿದ.

"ಸರ್, ಮೂರು ಸಲಾನೂ ಬೆಳಿಗ್ಗೆ ಆರರಿಂದ ಎಂಟರೊಳಗೇ ಕಂಪ್ಲೇಂಟ್ ಬಂದಿದೆ. ಯಾಕೆ ಸರ್?"

ಆ 'ಯಾಕೆ' ನನ್ನ ಬಾಯಿಂದ ಬರಬೇಕಿತ್ತು. ಮೂರು ಬಿಲ್ಲಿಗೂ ಸಹಿ ಹಾಕಿದವನು ನಾನು.

ಸೆಕ್ಯುರಿಟಿಯವರ ಟ್ಯಾಂಕರ್ ಪುಸ್ತಕ ತರಿಸಿ ಪಕ್ಕದಲ್ಲಿ ಇಟ್ಟುಕೊಂಡೆವು. ಮೂರು ಸಲವೂ ಹಿಂದಿನ ರಾತ್ರಿ ಟ್ಯಾಂಕರ್ ಬಂದಿರಲಿಲ್ಲ. ಅಂದರೆ ಬೆಳಗಾಗುವ ಹೊತ್ತಿಗೆ ಸಂಪು ತಳ ಕಂಡಿತ್ತು, ಪಂಪು ಮಾತ್ರ ಓಡುತ್ತಲೇ ಇತ್ತು. ಪಂಪಿನ ಸೀಲನ್ನು ತಣ್ಣಗಿಡುವುದು ಒಳಗಿರುವ ನೀರೇ. ನೀರಿಲ್ಲದೆ ಓಡಿದರೆ ಕೆಲವೇ ನಿಮಿಷದಲ್ಲಿ ಕಾದು ಸೀಳುತ್ತದೆ. ಹಾಗಾಗಬಾರದು ಅಂತಲೇ ಸಂಪಿನಲ್ಲಿ ಫ್ಲೋಟ್ ಸ್ವಿಚ್ ಇರುತ್ತದೆ, ನೀರು ಕಡಿಮೆಯಾದರೆ ಪಂಪನ್ನು ನಿಲ್ಲಿಸುತ್ತದೆ. ನಮ್ಮದು ಯಾಕೆ ನಿಲ್ಲಿಸಲಿಲ್ಲ?

ಪ್ಯಾನಲ್ ತೆಗೆದು ನೋಡಿದರೆ ಫ್ಲೋಟಿನ ಎರಡು ಟರ್ಮಿನಲ್ಲಿಗೆ ಒಂದು ಸಣ್ಣ ವೈರು ಕಟ್ಟಿದೆ. ಡೈರೆಕ್ಟ್ ಮಾಡಿದ್ದಾರೆ, ಅಂದರೆ ಫ್ಲೋಟ್ ಇದ್ದರೂ ಅದು ಪಂಪನ್ನು ನಿಲ್ಲಿಸಲಾರದು. ವಿಚಾರಿಸಿದಾಗ ವಿಷಯ ಗೊತ್ತಾಯಿತು. ಸಾಫ್ಟ್‌ವೇರ್ ಬರುವುದಕ್ಕೂ ಮುಂಚೆ ಒಂದು ರಾತ್ರಿ ಫ್ಲೋಟ್ ಕೆಸರಿಗೆ ಸಿಕ್ಕಿಕೊಂಡು, ಸಂಪಿನಲ್ಲಿ ನೀರಿದ್ದರೂ ಪಂಪು ಸ್ಟಾರ್ಟ್ ಆಗಿರಲಿಲ್ಲ. ಆಗಿದ್ದ ಎಲೆಕ್ಟ್ರಿಷಿಯನ್ ವೈರು ಕಟ್ಟಿ ನೀರು ಕೊಟ್ಟಿದ್ದ. ಅವನು ಮಾಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಆ ರಾತ್ರಿ ಒಂದಿಡೀ ಬ್ಲಾಕಿಗೆ ನೀರು ಬೇಕಿತ್ತು. ಆದರೆ ಬೆಳಿಗ್ಗೆ ಅದನ್ನು ಯಾರೂ ಬರೆಯಲಿಲ್ಲ. ಎರಡು ವಾರದ ಮೇಲೆ ಅವನು ಊರಿಗೆ ಹೋದ, ವೈರು ಉಳಿಯಿತು.

ಅವತ್ತಿನಿಂದ ನಾನು ಆ ಸಾಫ್ಟ್‌ವೇರನ್ನು ನೋಡುವ ರೀತಿಯೇ ಬದಲಾಯಿತು. ಅದಕ್ಕೂ ಮುಂಚೆ ಪ್ರತಿ ಸಂಜೆ ನಾನು ನೋಡುತ್ತಿದ್ದದ್ದು ಒಂದೇ ಲೆಕ್ಕ, ಇವತ್ತು ಎಷ್ಟು ಟಿಕೆಟ್, ಅಂದರೆ ಆ್ಯಪಿನಲ್ಲಿ ದಾಖಲಾದ ದೂರು, ಕ್ಲೋಸ್ ಆಯಿತು ಅಂತ. ಕಮಿಟಿ ಮೀಟಿಂಗಿನಲ್ಲೂ ಅದನ್ನೇ ತೋರಿಸುತ್ತಿದ್ದೆ. ನಾನು ಏನನ್ನು ಎಣಿಸುತ್ತೀನೋ ಹುಡುಗರು ಅದನ್ನೇ ಕೊಡುತ್ತಾರೆ, ಅಲ್ವಾ? ವಾಷರ್ ಸಿಗದಿದ್ದರೂ ನಲ್ಲಿ ಟಿಕೆಟ್ ಕ್ಲೋಸ್ ಆಗುತ್ತಿತ್ತು. ಮಾರನೇ ದಿನ ಅದೇ ಮನೆಯಿಂದ ಹೊಸ ಟಿಕೆಟ್. ಲೆಕ್ಕದಲ್ಲಿ ಎರಡು ಕೆಲಸ ಮುಗಿದ ಹಾಗೆ ಕಾಣುತ್ತಿತ್ತು, ನಲ್ಲಿ ಮಾತ್ರ ಸೋರುತ್ತಿತ್ತು. ತಪ್ಪು ಹುಡುಗರದಲ್ಲ, ನನ್ನ ಎಣಿಕೆಯದು.

ಈಗ ಕ್ಲೋಸ್ ಮಾಡುವ ಮುಂಚೆ ಎರಡು ಬೇಕು. ಒಂದು ಫೋಟೋ, ಇನ್ನೊಂದು ಕಾರಣ. 'ಸೀಲ್ ಬದಲಾಯಿಸಿದೆ' ಅನ್ನುವುದು ಕಾರಣವಲ್ಲ, ಅದು ಕೆಲಸ. ಸೀಲ್ ಯಾಕೆ ಹೋಯಿತು ಅಂತ ಹೇಳಬೇಕು. ಗೊತ್ತಿಲ್ಲದಿದ್ದರೆ 'ಗೊತ್ತಾಗಲಿಲ್ಲ' ಅಂತಲೇ ಹಾಕಲಿ, ಅದಕ್ಕೆ ಯಾರೂ ಬೈಯುವುದಿಲ್ಲ. ಒಂದೇ ಯಂತ್ರಕ್ಕೆ ಎರಡನೇ ಸಲ 'ಗೊತ್ತಾಗಲಿಲ್ಲ' ಬಂದರೆ ನಾನೇ ಇಳಿದು ಹೋಗಿ ನೋಡುತ್ತೇನೆ.

ಇದು ಸುಲಭವಾಗಿ ಆಗಲಿಲ್ಲ. ಶುರುವಿನಲ್ಲಿ ಆ್ಯಪ್ ಪೂರ್ತಿ ಇಂಗ್ಲಿಷಿನಲ್ಲಿತ್ತು. ಪಂಪಿಗೆ 'ಬಿ-ಪಿಪಿ-02' ಅಂತ ಹೆಸರಿಟ್ಟಿದ್ದೆವು. ನಮ್ಮ ಹಿರಿಯ ಪ್ಲಂಬರ್ ಒಂದು ತಿಂಗಳು ಅದನ್ನು ಮುಟ್ಟಲೇ ಇಲ್ಲ. ಅವರಿಗೆ ಈ ಕಟ್ಟಡದ ಪೈಪುಗಳು ಗೋಡೆಯೊಳಗೆ ಎಲ್ಲಿ ತಿರುಗುತ್ತವೆ ಅನ್ನುವುದು ಕೂಡ ಗೊತ್ತು. ಅಂಥವರ ತಿಳಿವಳಿಕೆ ಹೊರಗೇ ಉಳಿದರೆ ಆ್ಯಪ್ ಯಾಕೆ? ಆಮೇಲೆ ಹೆಸರುಗಳನ್ನು ಅವರ ಬಾಯಲ್ಲಿ ಇದ್ದ ಹಾಗೇ ಕನ್ನಡದಲ್ಲಿ ಹಾಕಿದೆವು. 'ಗಣಪತಿ ಗುಡಿ ಹಿಂದಿನ ಸಂಪು', 'ಬಿ ಬ್ಲಾಕ್ ಎಡಗಡೆ ಪಂಪು'. ಟೈಪ್ ಮಾಡಲು ಬರದವರು ವಾಯ್ಸ್ ನೋಟ್ ಹಾಕಲಿ ಅಂದೆವು. ಈಗ ಎಲ್ಲರಿಗಿಂತ ಜಾಸ್ತಿ ವಿವರ ಬರುವುದು ಅವರಿಂದಲೇ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಲಿಫ್ಟಿನಲ್ಲಿ ಜನ ಸಿಕ್ಕಿಕೊಂಡಾಗ, ಪ್ಯಾನಲ್ಲಿನಿಂದ ಸುಟ್ಟ ವಾಸನೆ ಬಂದಾಗ ಟಿಕೆಟ್ ಹಾಕಿ ಕಾಯಬಾರದು. ಮೊದಲು ಫೋನ್, ಆಮೇಲೆ ಕೆಲಸ, ಬರೆಯುವುದು ಕೊನೆಗೆ. ಇದನ್ನು ಪ್ರತಿ ಲಿಫ್ಟಿನ ಪಕ್ಕ ದೊಡ್ಡದಾಗಿ ಅಂಟಿಸಿದ್ದೇವೆ.

ಮುಂಚಿತವಾಗಿ ಮಾಡುವ ಸರ್ವೀಸುಗಳಲ್ಲೂ ಕಲಿತದ್ದಿದೆ. ಎಲ್ಲ ಯಂತ್ರಗಳ ಸರ್ವೀಸನ್ನೂ ತಿಂಗಳ ಒಂದನೇ ತಾರೀಕಿಗೆ ಇಟ್ಟಿದ್ದೆವು. ಒಂದೇ ಬೆಳಿಗ್ಗೆ ಎಲ್ಲ ಬಂದು ಬಿದ್ದಾಗ ಹುಡುಗರು ಸುಮ್ನೆ ಟಿಕ್ ಹಾಕಿ ಮುಗಿಸಿದರು. ವಾರವಾರಕ್ಕೆ ಹಂಚಿದ ಮೇಲೆ ಸರಿಹೋಯಿತು. ಡಿಜಿಗೆ, ಅಂದರೆ ಡೀಸೆಲ್ ಜನರೇಟರಿಗೆ, ಬರೀ ತಾರೀಕು ಸಾಲದು. ನಮ್ಮದಕ್ಕೆ 250 ಗಂಟೆ ಓಡಿದ ಮೇಲೆ ಆಯಿಲ್ ಬದಲಿಸಬೇಕು. ಜನವರಿಯಲ್ಲಿ ಅದು ಓಡುವುದೇ ಅಪರೂಪ. ಏಪ್ರಿಲ್, ಮೇನಲ್ಲಿ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಗಂಟೆಗಟ್ಟಲೆ ಓಡುತ್ತದೆ. ಹಾಗಾಗಿ ಪ್ರತಿ ಶಿಫ್ಟಿನವರೂ ಮೀಟರಿನ ಗಂಟೆ ಬರೆಯುತ್ತಾರೆ, ಸಾಫ್ಟ್‌ವೇರ್ ಅದರ ಮೇಲೆ ನೆನಪಿಸುತ್ತದೆ.

ಆ ವೈರಿನ ನೆನಪಿಗೆ ನಾವು ಇನ್ನೊಂದು ಬದಲಾವಣೆ ಮಾಡಿಸಿಕೊಂಡೆವು. ಕ್ಲೋಸ್ ಪಕ್ಕದಲ್ಲಿ 'ತಾತ್ಕಾಲಿಕ' ಅಂತ ಒಂದು ಆಯ್ಕೆ. ರಾತ್ರಿ ಏನಾದರೂ ಕಟ್ಟಿ, ಸುತ್ತಿ, ಡೈರೆಕ್ಟ್ ಮಾಡಿ ಕೆಲಸ ನಡೆಸಿದರೆ ಅದನ್ನು ಒತ್ತಬೇಕು. ಆ ಟಿಕೆಟ್ ಕ್ಲೋಸ್ ಆಗುವುದಿಲ್ಲ. ಸರಿಯಾದ ರಿಪೇರಿ ಆಗುವವರೆಗೆ ಪ್ರತಿ ಬೆಳಿಗ್ಗೆ ಕೆಂಪು ಬಣ್ಣದಲ್ಲಿ ನನ್ನ ಪಟ್ಟಿಯ ಮೇಲೆ ಇರುತ್ತದೆ.

ಇವತ್ತು ಅಂಥವು ಮೂರಿವೆ. ಸಿ ಬ್ಲಾಕ್ ಟೆರೇಸಿನಲ್ಲಿ ಟ್ಯೂಬು ಸುತ್ತಿ ನಿಲ್ಲಿಸಿದ ಒಂದು ಪೈಪು. ಬೇಸ್‌ಮೆಂಟಿನಲ್ಲಿ ಟೈಮರ್ ಇಲ್ಲದೆ ಉರಿಯುತ್ತಿರುವ ದೀಪಗಳು. ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿಯಲ್ಲಿ ಗಾಳಿ ಊದುವ ಒಂದು ಬ್ಲೋವರಿಗೆ ಬೇರೆ ಮೋಟಾರಿನಿಂದ ತಂದು ಹಾಕಿದ ಬೆಲ್ಟು. ಹೊಸ ಬೆಲ್ಟು ಇವತ್ತು ಸಂಜೆ ಸ್ಟೋರಿಗೆ ಬಂದಿದೆ. ನಾಳೆ ಬೆಳಿಗ್ಗೆ ಶಿಫ್ಟಿನವರು ಮೊದಲು ಅದನ್ನೇ ಹಾಕುತ್ತಾರೆ.