ಬುಧವಾರ, ಶುಕ್ರವಾರಗಳ ಫೀಲ್ಡ್ ವರ್ಕ್

ನಾನು ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿದ್ದು 2013ರಿಂದ 2015ರವರೆಗೆ. ಸೇರಿದ ಸುದ್ದಿ ತಿಳಿದ ನನ್ನ ಸೋದರಮಾವ, ಶಿವಮೊಗ್ಗದ ಮಂಡಿಗೆ ಅಡಿಕೆ ತಂದವರು ಹಾಗೆಯೇ ಮನೆಗೂ ಬಂದು, "ಸಮಾಜಸೇವೆ ಮಾಡಕ್ಕೂ ಡಿಗ್ರಿ ಬೇಕೇನೇ? ಸೇವೆ ಅಂದ್ಮೇಲೆ ಸಂಬಳ ಯಾರು ಕೊಡ್ತಾರೆ?" ಎಂದು ಕೇಳಿದ್ದರು. ನನ್ನ ಬಳಿ ಉತ್ತರವಿರಲಿಲ್ಲ. ವಿಭಾಗದ ಬಾಗಿಲ ಮೇಲೆ 'ಸಮಾಜಕಾರ್ಯ' ಎಂದು ಬರೆದಿತ್ತೇ ಹೊರತು 'ಸಮಾಜಸೇವೆ' ಎಂದಲ್ಲ ಎಂಬುದನ್ನು ಆಗ ನಾನೂ ಗಮನಿಸಿರಲಿಲ್ಲ.

ಮೊದಲ ಸೆಮಿಸ್ಟರಿನಲ್ಲಿ ಇಸವಿಗಳನ್ನು ಬಾಯಿಪಾಠ ಮಾಡಿದೆವು. 1889ರಲ್ಲಿ ಜೇನ್ ಆಡಮ್ಸ್ ಷಿಕಾಗೋದ ವಲಸಿಗರ ಬಡಾವಣೆಯೊಂದರಲ್ಲಿ ತಾವೇ ಹೋಗಿ ನೆಲೆಸಿ ಹಲ್ ಹೌಸ್ ಎಂಬ ನೆರವಿನ ಕೇಂದ್ರ ತೆರೆದದ್ದು, 1936ರಲ್ಲಿ ಮುಂಬಯಿಯಲ್ಲಿ ದೊರಾಬ್ಜಿ ಟಾಟಾ ಅವರ ಹೆಸರಿನ ಸಮಾಜಕಾರ್ಯ ಶಾಲೆ ಆರಂಭವಾಗಿ 1944ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎಂಬ ಹೆಸರು ಪಡೆದದ್ದು, 1960ರಲ್ಲಿ ಮಂಗಳೂರಿನಲ್ಲಿ ರೋಶನಿ ನಿಲಯ ಎಂಬ ಸಮಾಜಕಾರ್ಯ ಶಾಲೆ ಶುರುವಾದದ್ದು, ಇವೆಲ್ಲ ಆಗ ಪರೀಕ್ಷೆಯ ಪ್ರಶ್ನೆಗಳಷ್ಟೇ ಆಗಿದ್ದವು. ಒಂದು ವಿಷಯ ಮಾತ್ರ ತಲೆಯಲ್ಲಿ ಉಳಿಯಿತು. ನೆರವು ಕೊಡುವ ಮೊದಲು ಆ ಮನೆಯ ಸ್ಥಿತಿಯನ್ನು ವಿಚಾರಿಸಿ, ತಿಳಿದದ್ದನ್ನು ಕ್ರಮವಾಗಿ ಬರೆದಿಟ್ಟುಕೊಂಡು, ಅದರಿಂದ ತೀರ್ಮಾನಕ್ಕೆ ಬರಬೇಕು ಎಂಬುದನ್ನು ಮೇರಿ ರಿಚ್ಮಂಡ್ ಎಂಬಾಕೆ 1917ರಲ್ಲಿ ದೊಡ್ಡ ಗ್ರಂಥವನ್ನೇ ಬರೆದು ಹೇಳಿದ್ದರಂತೆ. ಇಷ್ಟಕ್ಕೆ ಇಷ್ಟು ದಪ್ಪದ ಪುಸ್ತಕ ಬೇಕಿತ್ತೇ ಎಂದು ನಾವು ನಕ್ಕಿದ್ದೆವು.

ನಮ್ಮ ಓದಿನ ಅರ್ಧ ಭಾಗ ತರಗತಿಯ ಹೊರಗೇ ನಡೆಯುತ್ತಿತ್ತು. ಬುಧವಾರ ಮತ್ತು ಶುಕ್ರವಾರ ಫೀಲ್ಡ್ ವರ್ಕ್. ಮಾರನೆಯ ವಾರದೊಳಗೆ ರೆಕಾರ್ಡ್ ಬರೆದು ಸೂಪರ್‌ವೈಸರ್ ಮೇಡಂ ಅವರ ಮೇಜಿನ ಮೇಲೆ ಇಡಬೇಕು. ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಅವರು ಕೇಳುವ ಪ್ರಶ್ನೆಗಳಿಗೆ ಉತ್ತರಿಸಬೇಕು. ಮೇಡಂ ಅವರ ಕೆಂಪು ಪೆನ್ನಿಗೆ ಹೆದರದವರು ನಮ್ಮ ಬ್ಯಾಚಿನಲ್ಲಿ ಒಬ್ಬರೂ ಇರಲಿಲ್ಲ.

ಎರಡನೆಯ ವರ್ಷದ ಮಳೆಗಾಲ ಮುಗಿಯುತ್ತಿದ್ದಂತೆ ನನ್ನನ್ನೂ ಗೆಳತಿಯೊಬ್ಬಳನ್ನೂ ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಗೆ ಹಾಕಿದರು. ಮಂಗನ ಕಾಯಿಲೆಯ ಬಗ್ಗೆ ಮಲೆನಾಡಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗುರುತಿಸಲಾದ ಆ ಜ್ವರ ಉಣುಗಿನ (ಉಣ್ಣೆ ಹುಳುವಿನ) ಮೂಲಕ ಮನುಷ್ಯರಿಗೆ ಹತ್ತುತ್ತದೆ. ದರಗು (ಒಣಗಿದ ಎಲೆ) ತರಲು, ಸೌದೆ ತರಲು, ದನ ಹೊಡೆಯಲು ಕಾಡಿಗೆ ಹೋಗುವವರಿಗೇ ಹೆಚ್ಚು ಬರುತ್ತದೆ. ಆಗ ಇದ್ದ ಲಸಿಕೆಯನ್ನು (ಈಗ ಅದನ್ನು ನಿಲ್ಲಿಸಲಾಗಿದೆ) ತಿಂಗಳ ಅಂತರದಲ್ಲಿ ಎರಡು ಬಾರಿ ಹಾಕಿಸಿಕೊಳ್ಳಬೇಕಿತ್ತು. ನಾವು ಹೋದ ಕೇರಿಯಲ್ಲಿ ಮೊದಲ ಸಲ ಹಾಕಿಸಿಕೊಂಡ ಹೆಂಗಸರು ಎರಡನೆಯ ಸಲಕ್ಕೆ ಬಂದಿರಲಿಲ್ಲ. ಅವರಿಗೆ ತಿಳಿವಳಿಕೆ ಹೇಳುವುದೇ ನಮ್ಮ ಕೆಲಸವೆಂದುಕೊಂಡು, ಚಾರ್ಟು ಬರೆದುಕೊಂಡು ಹೋಗಿ, ಒಂದು ಗಂಟೆ ಭಾಷಣ ಮಾಡಿ ಬಂದೆವು. ರೆಕಾರ್ಡಿನಲ್ಲಿ ನಾನು, "ಅಜ್ಞಾನ ಮತ್ತು ಮೂಢನಂಬಿಕೆಯಿಂದ ಇವರು ಲಸಿಕೆಗೆ ಹಿಂಜರಿಯುತ್ತಾರೆ" ಎಂದು ಬರೆದೆ.

'ಅಜ್ಞಾನ' ಎಂಬ ಪದದ ಸುತ್ತ ಕೆಂಪು ಗೆರೆ ಎಳೆದು, ಪಕ್ಕದಲ್ಲಿ "ಹೀಗೆಂದು ಹೇಳಿದವರು ಯಾರು?" ಎಂದಷ್ಟೇ ಬರೆದಿತ್ತು. ಯಾರೂ ಹೇಳಿರಲಿಲ್ಲ. ನಾನು ಯಾರನ್ನೂ ಕೇಳಿರಲೇ ಇಲ್ಲ.

ಮುಂದಿನ ಶುಕ್ರವಾರ ಚಾರ್ಟನ್ನು ಹಾಸ್ಟೆಲಿನಲ್ಲೇ ಬಿಟ್ಟು ಹೋದೆವು. ಅಡಿಕೆ ಕೊಯ್ಲು ಶುರುವಾಗಿತ್ತು. ಒಂದು ಮನೆಯ ಅಂಗಳದ ಚಪ್ಪರದಡಿ ಹತ್ತಾರು ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯುತ್ತಿದ್ದರು. ಬಹಳ ಹೊತ್ತು ಸುಮ್ಮನೆ ಕೂತು, ಊರು, ಮಕ್ಕಳು, ದರ ಎಲ್ಲ ಮಾತಾಡಿದ ಮೇಲೆ ಸೂಜಿಯ ವಿಷಯ ಎತ್ತಿದೆ. "ಅದು ಚುಚ್ಚಿಸ್ಕೊಂಡ್ರೆ ಎರಡು ದಿನ ಕೈ ಎತ್ತಕ್ಕಾಗಲ್ಲ ತಂಗಿ. ಸೀಸನ್ನಲ್ಲಿ ಎರಡು ದಿನ ಕತ್ತಿ ಬಿಟ್ರೆ ಡಬ್ಬದ ದುಡ್ಡು ನೀ ಕೊಡ್ತೀಯಾ?" ಎಂದು ಒಬ್ಬರು ಕೇಳಿದರು. ಸುಲಿತಕ್ಕೆ ಕೂಲಿ ದಿನದ ಲೆಕ್ಕದಲ್ಲಲ್ಲ, ಸುಲಿದ ಅಡಿಕೆ ತುಂಬಿದ ಡಬ್ಬದ ಲೆಕ್ಕದಲ್ಲಿ; ಮಳೆಗಾಲದ ಸಾಲವನ್ನು ಅವರು ತೀರಿಸುವುದು ಆ ಎರಡು ಮೂರು ತಿಂಗಳ ದುಡಿಮೆಯಲ್ಲಿ. ಲಸಿಕೆಯ ಕಾಲವೂ ಸುಲಿತದ ಕಾಲವೂ ಒಂದರ ಮೇಲೊಂದು ಬಿದ್ದಿದ್ದವು. ಕಾಯಿಲೆಯ ಬಗ್ಗೆ ನನಗಿಂತ ಅವರಿಗೇ ಹೆಚ್ಚು ಗೊತ್ತಿತ್ತು. ಆ ಕೇರಿಯಲ್ಲಿ ಜ್ವರದಿಂದ ಸತ್ತವರ ಮನೆಯೂ ಇತ್ತು.

ಸಂತೆಯ ಹಿಂದಿನ ಸಂಜೆ ಸೂಜಿ ಹಾಕಿದರೆ ಸಂತೆಯ ದಿನ ಹೇಗೂ ಸುಲಿತ ಕಡಿಮೆ, ಒಂದೇ ದಿನದ ಕೂಲಿ ಹೋಗುತ್ತದೆ ಎಂಬ ದಾರಿಯನ್ನು ಸೂಚಿಸಿದವರೂ ಅವರೇ. ಆಶಾ ಕಾರ್ಯಕರ್ತೆಯೊಂದಿಗೆ ಹೋಗಿ ಆರೋಗ್ಯ ಕೇಂದ್ರದವರಲ್ಲಿ ಕೇಳಿಕೊಂಡದ್ದು, ಶಾಲೆಯ ಜಗಲಿಯಲ್ಲಿ ಎಲ್ಲರನ್ನೂ ಸೇರಿಸಿದ್ದು ಮಾತ್ರ ನಮ್ಮ ಪಾಲಿನ ಕೆಲಸ. ಕೆಲವರು ಬಂದರು, ಎಲ್ಲರೂ ಬರಲಿಲ್ಲ. ಪಠ್ಯದಲ್ಲಿ 'ಸಮುದಾಯ ಸಂಘಟನೆ' ಎಂದು ಓದಿದ್ದು ಇದನ್ನೇ ಎಂದು ಹೊಳೆದದ್ದು ರೆಕಾರ್ಡ್ ಬರೆಯುವಾಗ.

ಈಗ ನಾನು ಆಸ್ಪತ್ರೆಯೊಂದರಲ್ಲಿ ವೈದ್ಯಕೀಯ ಸಮಾಜಕಾರ್ಯಕರ್ತೆ. ಈ ಹುದ್ದೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಡಯಾಲಿಸಿಸ್ ರೋಗಿಗಳ ಉದಾಹರಣೆ ಕೊಡುತ್ತೇನೆ. ಹೊಸನಗರದ ಒಳಹಳ್ಳಿಯ ಹಿರಿಯರೊಬ್ಬರು ವಾರಕ್ಕೆ ಮೂರು ಬಾರಿ ಶಿವಮೊಗ್ಗಕ್ಕೆ ಬರಬೇಕೆಂದಾಗ, "ಬೇಡ, ಮನೆಗೆ ಹೋಗ್ತೀನಿ" ಎಂದುಬಿಟ್ಟರು. ಜೀವದ ಆಸೆ ಬಿಟ್ಟಿದ್ದಾರೆ ಎಂದು ವಾರ್ಡಿನಲ್ಲಿ ಎಲ್ಲರೂ ಅಂದುಕೊಂಡರು. ಕೂತು ಕೇಳಿದಾಗ ತಿಳಿದದ್ದು, ಅವರ ಊರಿಗೆ ಸಂಜೆಯ ನಂತರ ಬಸ್ಸಿಲ್ಲ, ಜೊತೆಗೆ ಬರುವ ಮಗ ದಿನಗೂಲಿಯವನು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತವೆಂಬುದು ನಿಜ, ಆದರೆ ಆ ಯೋಜನೆ ಬಸ್ಸು ಬಿಡುವುದಿಲ್ಲ. ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಘಟಕದಲ್ಲಿ ಬೆಳಗಿನ ಪಾಳಿ ಸಿಗುವಂತೆ ಓಡಾಡಿದೆವು. ಬೇಕೋ ಬೇಡವೋ ಎಂಬ ನಿರ್ಧಾರವನ್ನು ಅವರಿಗೇ ಬಿಟ್ಟೆವು. ಅವರು ಮೂರು ದಿನ ಯೋಚಿಸಿ ಒಪ್ಪಿದರು. ಒಪ್ಪದಿದ್ದರೂ ನಾನು ಒತ್ತಾಯಿಸುವಂತಿರಲಿಲ್ಲ. ಈ ವೃತ್ತಿಯಲ್ಲಿ ನನಗೆ ಅತ್ಯಂತ ಕಷ್ಟವೆನಿಸಿದ ಪಾಠ ಅದು.

ಮಾವನ ಸಂಬಳದ ಪ್ರಶ್ನೆಗೂ ಈಗ ಉತ್ತರವಿದೆ, ಆದರೆ ಅದು ಒಂದೇ ಉತ್ತರವಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ ಪ್ರಕಾರ 500 ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಡೆ ಕಲ್ಯಾಣಾಧಿಕಾರಿ ಆಗ ಇರಲೇಬೇಕಿದ್ದುದರಿಂದ ನಮ್ಮ ಬ್ಯಾಚಿನ ಇಬ್ಬರು ಬೆಂಗಳೂರಿನ ಕಾರ್ಖಾನೆಗಳಿಗೆ ಹೋದರು. ಅವರ ಸಂಬಳವೇ ನಮ್ಮೆಲ್ಲರಿಗಿಂತ ಹೆಚ್ಚು. ಕಂಪನಿಗಳ ಸಿ.ಎಸ್.ಆರ್. (ಸಾಮಾಜಿಕ ಹೊಣೆಗಾರಿಕೆ) ವಿಭಾಗಕ್ಕೆ ಒಬ್ಬಳು ಸೇರಿದಳು. ಮಕ್ಕಳ ರಕ್ಷಣಾ ಘಟಕಕ್ಕೆ ಸೇರಿದ ಗೆಳೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಇಡಬೇಕಾದ ಸಾಮಾಜಿಕ ತನಿಖಾ ವರದಿಗಳನ್ನು ಬರೆಯುತ್ತಾನೆ. ಅವನದು ಇಂದಿಗೂ ಗುತ್ತಿಗೆ ನೌಕರಿ. ಮನೋವೈದ್ಯಕೀಯ ಸಮಾಜಕಾರ್ಯದತ್ತ ಒಲವಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ವೈದ್ಯರಿಗೂ ವಕೀಲರಿಗೂ ಇದ್ದಂತೆ ನಮಗೆ ವೃತ್ತಿಪರಿಷತ್ತು ಇಲ್ಲದ ಕೊರತೆ ಬಹುಕಾಲ ಕಾಡಿತು. 2021ರ ಆರೋಗ್ಯ ಸಹಾಯಕ ವೃತ್ತಿಗಳ ಕಾಯ್ದೆ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ತನ್ನೊಳಗೆ ಸೇರಿಸಿಕೊಂಡಿದೆ. ನೌಕರಿ ಗುತ್ತಿಗೆಯದಾಗಿರಬಹುದೆಂಬ ವಿಷಯವನ್ನು ಕೋರ್ಸಿಗೆ ಸೇರುವ ಮೊದಲೇ ವಿದ್ಯಾರ್ಥಿಗಳಿಗೆ ಹೇಳಿಬಿಡುವುದು ಒಳ್ಳೆಯದೆಂದು ನನಗನ್ನಿಸುತ್ತದೆ.

ನಮ್ಮ ಆಸ್ಪತ್ರೆಗೂ ಈಗ ಬುಧವಾರ, ಶುಕ್ರವಾರ ವಿದ್ಯಾರ್ಥಿಗಳು ಬರುತ್ತಾರೆ. ಮೊದಲ ದಿನ ಅವರಿಗೆ ಯಾವ ಕೆಲಸವನ್ನೂ ಕೊಡುವುದಿಲ್ಲ. ಹೊರರೋಗಿ ವಿಭಾಗದ ಬೆಂಚಿನ ಮೇಲೆ, ಸರತಿಯಲ್ಲಿರುವವರ ನಡುವೆ, ಮಧ್ಯಾಹ್ನದವರೆಗೆ ಕೂತು ಬನ್ನಿ ಎಂದು ಕಳಿಸುತ್ತೇನೆ.