ಶೆಫೆರ್ ಕಾದಂಬರಿಕಾರನೋ, ಸಂಗೀತಗಾರನೋ?

ಪಿಯೆರ್ ಶೆಫೆರ್ ಹೆಸರೆತ್ತಿದರೆ ಈ ಪ್ರಶ್ನೆ ಬಂದೇ ಬರುತ್ತದೆ. ಸಂಗೀತದವರಿಗೆ ಆತ ‘ಮ್ಯೂಸಿಕ್ ಕಾಂಕ್ರೀಟ್’ ಹುಟ್ಟುಹಾಕಿದವನು, ಅಂದರೆ ಧ್ವನಿಮುದ್ರಿಸಿದ ಸದ್ದುಗಳನ್ನೇ ಕತ್ತರಿಸಿ ಜೋಡಿಸಿ ಸಂಗೀತ ಮಾಡಿದವನು. ಪುಸ್ತಕಗಳ ಪಟ್ಟಿ ತೆಗೆದರೆ ಕಾದಂಬರಿಗಳೂ ಸಿಗುತ್ತವೆ. ನನ್ನ ಉತ್ತರ: ಆತ ರೇಡಿಯೋದವನು. ಮಿಕ್ಕಿದ್ದೆಲ್ಲ ರೇಡಿಯೋದ ಬಾಲ ಹಿಡಿದು ಬಂದದ್ದು.

ಹುಟ್ಟಿದ್ದು 1910ರಲ್ಲಿ, ಫ್ರಾನ್ಸಿನ ನಾನ್ಸಿಯಲ್ಲಿ. ಅಪ್ಪ ಪಿಟೀಲು ನುಡಿಸುತ್ತಿದ್ದರು, ಅಮ್ಮ ಹಾಡುತ್ತಿದ್ದರು. ಮಗ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಓದಿ ಇಂಜಿನಿಯರ್ ಆದ. ಸ್ಟ್ರಾಸ್‌ಬರ್ಗ್‌ನಲ್ಲಿ ಅಂಚೆ-ತಂತಿ ಇಲಾಖೆಯ ಕೆಲಸ ಮಾಡಿ 1936ರಲ್ಲಿ ಪ್ಯಾರಿಸ್ಸಿನ ರೇಡಿಯೋಗೆ ಬಂದ. ‘ಕ್ಲೋತೇರ್ ನಿಕೋಲ್’ ಕಾದಂಬರಿ 1938ರಲ್ಲಿ ಬಂತು. ‘ಜ್ವಾಲಾಮುಖಿಯ ಕಾವಲುಗಾರ’ ಎಂಬ ಅರ್ಥದ ಹೆಸರಿನ ಕಾದಂಬರಿ ಬಂದದ್ದು 1969ರಲ್ಲಿ. ಆದರೆ ಕಥೆಗಾರನಾಗಿ ಆತ ಗೆದ್ದದ್ದು ಈ ಎರಡರಲ್ಲೂ ಅಲ್ಲ, ‘ಲ ಕೋಕಿಯ್ ಅ ಪ್ಲಾನೆತ್’ ಎಂಬ ರೇಡಿಯೋ ರೂಪಕದಲ್ಲಿ ಎನ್ನುವುದು ನನ್ನ ಅಭಿಪ್ರಾಯ. ಒಂದೊಂದು ಗಂಟೆಯ ಎಂಟು ಕಂತು. ಒಂದು ದನಿಗೆ ಎದುರಾಗಿ ಹನ್ನೆರಡು ರಾಕ್ಷಸರು, ಅಂದರೆ ಹನ್ನೆರಡು ರಾಶಿಗಳು. ಸಂಗೀತ ಕ್ಲೋದ್ ಆರಿಯೋ ಅವರದು. ಜರ್ಮನ್ನರು ಪ್ಯಾರಿಸ್ ಹಿಡಿದು ಕೂತಿದ್ದ 1943-44ರಲ್ಲಿ, ಶೆಫೆರ್ ತಾನೇ ಕಟ್ಟಿದ ‘ಸ್ಟುಡಿಯೋ ದೆಸ್ಸೆ’ ಎಂಬ ರೇಡಿಯೋ ಪ್ರಯೋಗದ ಸ್ಟುಡಿಯೋದಲ್ಲಿ ತಯಾರಾದದ್ದು.

1944ರ ಆಗಸ್ಟ್‌ನಲ್ಲಿ ಅದೇ ಸ್ಟುಡಿಯೋ ಪ್ಯಾರಿಸ್ ಬಿಡುಗಡೆಯ ದನಿಯಾಯಿತು. 24ರ ರಾತ್ರಿ ಫ್ರೆಂಚ್ ಸೇನಾನಿ ಲೆಕ್ಲೇರ್‌ನ ಪಡೆಯ ಮೊದಲ ಟ್ಯಾಂಕುಗಳು ಊರೊಳಗೆ ಬಂದಾಗ, ಕೇಳುತ್ತಿರುವ ಪಾದ್ರಿಗಳೆಲ್ಲ ಚರ್ಚಿನ ಗಂಟೆ ಬಾರಿಸಿ ಎಂದು ಶೆಫೆರ್ ಮೈಕಿನಲ್ಲಿ ಕರೆಕೊಟ್ಟ. ಗಂಟೆಗಳು ಮೊಳಗಿದವು. ಈ ಗಂಟೆ ಆತನನ್ನು ಬಿಡಲಿಲ್ಲವೇನೋ! ನಾಲ್ಕು ವರ್ಷದ ಮೇಲೆ ಮತ್ತೆ ಗಂಟೆಯ ಸದ್ದನ್ನೇ ಹಿಡಿದು ಕೂತ.

ಆಗ ಆತನ ಸ್ಟುಡಿಯೋಗೆ ಟೇಪ್ ಇನ್ನೂ ಬಂದಿರಲಿಲ್ಲ; ಮುದ್ರಿಸಿಕೊಳ್ಳುತ್ತಿದ್ದದ್ದು ನಿಮಿಷಕ್ಕೆ 78 ಸುತ್ತಿನ ತಟ್ಟೆಗಳ ಮೇಲೆ. ಸಾಮಾನ್ಯವಾಗಿ ಗೀರು ಸುರುಳಿಯಾಗಿ ಒಳಕ್ಕೆ ಸಾಗುತ್ತದೆ. ಕೊರೆಯುವ ಮುಳ್ಳನ್ನು ಒಳಕ್ಕೆ ಸರಿಯದಂತೆ ನಿಲ್ಲಿಸಿದರೆ ಗೀರು ತನ್ನ ಬಾಲವನ್ನೇ ಸೇರಿ ಉಂಗುರವಾಗುತ್ತದೆ. ಒಂದು ಸುತ್ತಿಗೆ ಸುಮಾರು 0.77 ಸೆಕೆಂಡ್, ಅಷ್ಟೇ ಸದ್ದು ಮತ್ತೆ ಮತ್ತೆ. ತೊಂದರೆ ಎರಡು. ಕೂಡುವ ಜಾಗದಲ್ಲಿ ‘ಟಕ್’ ಅನ್ನುತ್ತದೆ. ಮೂಲ ಸದ್ದಿನ ಲಯ 0.77 ಸೆಕೆಂಡಿನೊಳಗೆ ಕೂರದಿದ್ದರೆ ಪ್ರತಿ ಸುತ್ತಿನಲ್ಲೂ ಮುಗ್ಗರಿಸುತ್ತದೆ. ತಟ್ಟೆಯ ವೇಗ ಇಮ್ಮಡಿಸಿ ಸರಿಪಡಿಸೋಣವೆಂದರೆ ಶ್ರುತಿ ಒಂದು ಸ್ಥಾಯಿ ಮೇಲೆ ಹೋಗುತ್ತದೆ. ಕಾಲ ಮತ್ತು ಶ್ರುತಿಗೆ ಗಂಟು ಬಿದ್ದಿರುತ್ತದೆ, ಒಂದನ್ನು ಎಳೆದರೆ ಇನ್ನೊಂದೂ ಬಂತು.

ಪ್ಯಾರಿಸ್ಸಿನ ಬಾತಿನ್ಯೋಲ್ ನಿಲ್ದಾಣದ ಉಗಿಬಂಡಿಗಳ ಸದ್ದನ್ನು ಹೀಗೆ ಜೋಡಿಸಿ ಮಾಡಿದ ಮೂರು ನಿಮಿಷದೊಳಗಿನ ‘ರೈಲು ಅಭ್ಯಾಸ’ವೂ, ಅದರ ಜೊತೆಯ ಬೇರೆ ಕೃತಿಗಳೂ 1948ರ ಅಕ್ಟೋಬರ್ 5ರಂದು ‘ಸದ್ದುಗಳ ಕಛೇರಿ’ ಎಂದು ಬಿತ್ತರವಾದವು. ಕಛೇರಿ ಸರಿ, ಆದರೆ ವೇದಿಕೆಯಿಲ್ಲ, ವಾದ್ಯವಿಲ್ಲ. ರೈಲಿನ ಕೃತಿಯ ಬಗ್ಗೆ ಶೆಫೆರ್‌ಗೇ ಅನುಮಾನವಿತ್ತು: ಎಷ್ಟು ಜೋಡಿಸಿದರೂ ಕೇಳುವವನಿಗೆ ರೈಲೇ ಕಾಣುತ್ತದೆ, ಸಂಗೀತ ಹಿಂದೆ ಉಳಿಯುತ್ತದೆ. ಆತನ ಮುಂದಿನ ಬರವಣಿಗೆಯೆಲ್ಲ ಈ ಒಂದು ಗೊಣಗಾಟದ ವಿಸ್ತಾರ. 1966ರಲ್ಲಿ ಆತ ಹೊರತಂದ ದಪ್ಪ ಸಂಗೀತ ಗ್ರಂಥವನ್ನು ಮೊದಲೇ ಕೈಗೆತ್ತಿಕೊಳ್ಳಬೇಡಿ, ತಲೆ ಕೆಡುತ್ತದೆ.

ಉಳಿದ ವೃತ್ತಿಜೀವನ ಹೆಚ್ಚಾಗಿ ಆಡಳಿತದ್ದು. 1951ರಲ್ಲಿ ಟೇಪ್ ಬಂದ ಮೇಲೆ ಸಂಶೋಧನಾ ತಂಡ, ಆಮೇಲೆ ಆಫ್ರಿಕಾದ ಫ್ರೆಂಚ್ ವಸಾಹತುಗಳಲ್ಲಿ ರೇಡಿಯೋ ಕೇಂದ್ರ ಕಟ್ಟುವ ಹೊಣೆ, 1960ರಿಂದ 1974ರವರೆಗೆ ಫ್ರೆಂಚ್ ರೇಡಿಯೋ-ಟಿವಿಯ ಸಂಶೋಧನಾ ವಿಭಾಗದ ಮುಖ್ಯಸ್ಥ. ಇಳಿವಯಸ್ಸಿನಲ್ಲಿ, ಸರಿಗಮದ ಆಚೆ ಏನೂ ಸಾಧ್ಯವಿಲ್ಲವೆಂದು ತಿಳಿಯಲು ತನಗೆ ನಲವತ್ತು ವರ್ಷ ಬೇಕಾಯಿತು ಎಂಬರ್ಥದಲ್ಲಿ ಮಾತಾಡಿದ. ಅದನ್ನು ನಾನು ಪೂರ್ತಿ ನಂಬುವುದಿಲ್ಲ. ತೀರಿಕೊಂಡದ್ದು 1995ರಲ್ಲಿ.

ನಂಬದಿರಲು ಕಾರಣ ಆ ಗಂಟೆ. 1948ರಲ್ಲಿ ಗಂಟೆಯ ಸದ್ದಿಗೆ ಆತ ಮಾಡಿದ್ದನ್ನು ನೀವೂ ಮೊಬೈಲಿನಲ್ಲಿ ಮಾಡಬಹುದು. ಪೂಜೆಯ ಕೈಗಂಟೆ ಬೇಡ, ಅದರ ನಾಲಗೆ ಮತ್ತೆ ಮತ್ತೆ ಬಡಿಯುತ್ತದೆ. ದೊಡ್ಡ ಕಂಚಿನ ಗಂಟೆಗೆ ಒಂದೇ ಏಟು ಹೊಡೆದು, ಸದ್ದು ಪೂರ್ತಿ ಆರುವವರೆಗೆ ಮುದ್ರಿಸಿಕೊಳ್ಳಿ. ಏಟಿನ ಸದ್ದು ಇರುವ ಆರಂಭದ ತುಣುಕನ್ನು ಕತ್ತರಿಸಿ. ಕತ್ತರಿಸಿದ ತುದಿಯನ್ನು ಹಾಗೇ ಬಿಟ್ಟರೆ ‘ಟಕ್’ ಕೇಳುತ್ತದೆ, ಅಲ್ಲಿ ಸದ್ದು ಮೆಲ್ಲಗೆ ಏರುವಂತೆ ಮಾಡಿ. ಇಳಿಯುತ್ತ ಹೋಗುವ ಭಾಗದಲ್ಲಿ ವಾಲ್ಯೂಮ್ ಅಷ್ಟಷ್ಟೇ ಏರಿಸಿ ಸಮ ಮಾಡಿ. ಈಗ ಮನೆಯವರಿಗೆ ಏನೂ ಹೇಳದೆ ಕೇಳಿಸಿ. ಯಾವುದೋ ಊದುವ ವಾದ್ಯ ಎಂದಾರು. ಶೆಫೆರ್‌ಗೆ ಕೇಳಿಸಿದ್ದು ಓಬೋ, ನಮ್ಮ ಶಹನಾಯಿಯ ಜಾತಿಯ ಪಾಶ್ಚಾತ್ಯ ವಾದ್ಯ.