ಒಂದೇ ಸಾಲು ಅಲ್ವಾ ಅಂದುಕೊಂಡೆ

ನಮ್ಮ ಕಂಪನಿಯ ಇನ್‌ವಾಯ್ಸ್ ಪಿಡಿಎಫ್ ಲೈಬ್ರರಿ ಓಪನ್ ಸೋರ್ಸ್, ಅಂದರೆ ಅದರ ಕೋಡ್ ಯಾರು ಬೇಕಾದರೂ ನೋಡಿ ತಿದ್ದುಪಡಿ ಕಳಿಸಬಹುದು. ಹೆಸರಿಗೆ ನಾಲ್ಕು ಜನ ಮೇಂಟೇನರ್‌ಗಳು, ಕೆಲಸಕ್ಕೆ ನಾನೊಬ್ಬ. ಆವತ್ತು ಶುಕ್ರವಾರ ಸಂಜೆ ರಿಲೀಸ್ ಇತ್ತು. ಶುಕ್ರವಾರ ಸಂಜೆಗೆ ರಿಲೀಸ್ ಇಡೋ ಐಡಿಯಾ ಯಾರದ್ದು ಅಂತ ಇವತ್ತಿನವರೆಗೂ ಯಾರೂ ಒಪ್ಪಿಕೊಂಡಿಲ್ಲ.

ಉಳಿದಿದ್ದ ಬಗ್ ಒಂದೇ. ಬಿಲ್‌ನಲ್ಲಿ ‘ಸ್ಟೀಲ್ ರ‍್ಯಾಕ್’ ಅಂತ ಬರಬೇಕಾದ್ದು ಅರ್ಕಾವತ್ತು ಹಾಕಿಕೊಂಡು ‘ಸ್ಟೀಲ್ ರ್ಯಾಕ್’ ಅಂತ ಬರುತ್ತಿತ್ತು. ಫಾಂಟ್ ಬದಲಾಯಿಸಿದೆ, ಅಕ್ಷರ ಜೋಡಿಸೋ ಹಾರ್ಫ್‌ಬಜ್ ಲೈಬ್ರರಿಯ ವರ್ಷನ್ ಏರಿಸಿದೆ. ಊಹೂಂ. ಅಷ್ಟರಲ್ಲಿ ಒಬ್ಬ ಇಂಜಿನಿಯರಿಂಗ್ ಹುಡುಗ ಪಿಆರ್ (ಪುಲ್ ರಿಕ್ವೆಸ್ಟ್, ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ಕಳಿಸಿದ್ದ. ನಮ್ಮ ಕ್ಲೀನಪ್ ಫಂಕ್ಷನ್ ಕಣ್ಣಿಗೆ ಕಾಣದ ಅಕ್ಷರಗಳನ್ನೆಲ್ಲ ಕಸ ಅಂತ ಗುಡಿಸಿ ಹಾಕುತ್ತಿತ್ತಂತೆ. ‘ರ’ ಪಕ್ಕದಲ್ಲಿ ಕೂತು ಅರ್ಕಾವತ್ತು ತಡೆಯೋ ಜೀರೋ ವಿಡ್ತ್ ಜಾಯ್ನರ್ ಕೂಡ ಆ ಗುಡಿಸಾಟದಲ್ಲೇ ಹೋಗುತ್ತಿತ್ತು. ಅದೊಂದನ್ನು ಬಿಟ್ಟುಬಿಡಿ ಅನ್ನೋದೇ ಫಿಕ್ಸ್. ಒಂದು ಸಾಲು. ಅದರ ಕೆಳಗೆ ಎರಡು ವಾರ ಹುಡುಕಿದ ಕಥೆ, ಹೆಕ್ಸ್ ಡಂಪ್, ರಾಶಿ ಸ್ಕ್ರೀನ್‌ಶಾಟ್. ನಾನು ಅದನ್ನು ಓದಲಿಲ್ಲ. ಏನು ಬದಲಾಗಿದೆ ಅಂತ ತೋರಿಸೋ ಡಿಫ್ ಮಾತ್ರ ನೋಡಿದೆ.

ಗಂಟೆ 6:40. ಅವನ ಬ್ರಾಂಚ್ (ಕೋಡ್‌ನ ಕವಲು) ಹಳೇದು, ಕೋಡ್ ಶೈಲಿ ನೋಡೋ ಲಿಂಟ್ ಕೆಂಪು. ಕೋಡ್ ಕೊಡುವವರಿಂದ ಸಿಎಲ್‌ಎ ಅನ್ನೋ ಒಪ್ಪಂದಪತ್ರ ಕೇಳೋ ಬಾಟ್ ಬೇರೆ ಅಡ್ಡ ನಿಂತಿತ್ತು. ಅದರ ಫಾರಂನಲ್ಲಿ ಕಂಪನಿ ಹೆಸರು ತುಂಬಲೇಬೇಕು, ಓದೋ ಹುಡುಗ ಎಲ್ಲಿಂದ ತರಬೇಕು? ಒಂದೇ ಸಾಲು ಅಲ್ವಾ ಅಂದುಕೊಂಡೆ. ನನ್ನ ಬ್ರಾಂಚ್‌ಗೆ ಪೇಸ್ಟ್ ಮಾಡಿ, ಒಂದು ಟೆಸ್ಟ್ ಸೇರಿಸಿ, ಕಮಿಟ್ (ಕೋಡ್ ಇತಿಹಾಸ ಇಡೋ ಗಿಟ್‌ನಲ್ಲಿ ಒಂದು ಬದಲಾವಣೆಯ ದಾಖಲೆ) ಕೆಳಗೆ ‘ರಿಪೋರ್ಟೆಡ್-ಬೈ’ ಅಂತ ಅವನ ಐಡಿ ಹಾಕಿದೆ. ಸಿಎಲ್‌ಎ ಇಲ್ಲದೆ ಅವನ ಕಮಿಟ್ ತಗೊಳ್ಳೋ ಹಾಗಿಲ್ಲ, ಅವನ ಸಾಲು ಮಾತ್ರ ತಗೋಬಹುದು! ಆ ಲಾಜಿಕ್ ಆವತ್ತು ವಿಚಿತ್ರ ಅನ್ನಿಸಲೇ ಇಲ್ಲ. ‘ಬೇರೆ ಪಿಆರ್‌ನಲ್ಲಿ ಫಿಕ್ಸ್ ಆಗಿದೆ, ಥ್ಯಾಂಕ್ಸ್’ ಅಂತ ಬರೆದು ಅವನದ್ದನ್ನು ಕ್ಲೋಸ್ ಮಾಡಿ, ರಿಲೀಸ್ ಟ್ಯಾಗ್ ಹಾಕಿ ಮನೆಗೆ ಹೋದೆ.

ಸೋಮವಾರ ಸ್ಟ್ಯಾಂಡಪ್‌ನಲ್ಲಿ ಲೀಡ್ ನನ್ನನ್ನು ಹೊಗಳಿದರು. ಸುಮ್ನೆ ನಕ್ಕೆ. ಹನ್ನೊಂದು ಗಂಟೆಗೆ ಹುಡುಗನ ಕಾಮೆಂಟ್ ಬಂತು: ‘ಸರ್, ಫಿಕ್ಸ್ ಹೋಗಿದ್ದು ಖುಷಿ ಆಯ್ತು. ಆದ್ರೆ ಲಾಗ್‌ನಲ್ಲಿ ನಾನು ರಿಪೋರ್ಟ್ ಮಾಡಿದವನು ಅಂತ ಮಾತ್ರ ಇದೆ. ಬರೆದಿದ್ದೂ ನಾನೇ ಅಲ್ವಾ?’

ಕಿವಿ ಬಿಸಿಯಾಯಿತು. ಯಾವ ಸಾಲು ಯಾರದ್ದು ಅಂತ ತೋರಿಸೋ ಗಿಟ್ ಬ್ಲೇಮ್ ತೆಗೆದೆ. ಆ ಸಾಲಿನ ಎದುರು ನನ್ನ ಹೆಸರು. ಪಕ್ಕದ ಕೋಡ್ ಕಾಮೆಂಟ್‌ನಲ್ಲಿ ಅವನು ಜಾಯ್ನರ್ ಸ್ಪೆಲಿಂಗ್‌ಗೆ ಒಂದು ಎನ್ ಜಾಸ್ತಿ ಹಾಕಿದ್ದ. ಆ ತಪ್ಪೂ ನನ್ನ ಹೆಸರಲ್ಲೇ ಕೂತಿತ್ತು. ಉತ್ತರ ಟೈಪ್ ಮಾಡಿದೆ: ‘ರೀಬೇಸ್ ಸಮಸ್ಯೆ ಇತ್ತು.’ ಅಳಿಸಿದೆ. ‘ಟೆಸ್ಟ್ ನಾನು ಬರೆದಿದ್ದು.’ ಅದನ್ನೂ ಅಳಿಸಿದೆ. ಕಾಫಿಗೆ ಎದ್ದು ಹೋಗಿ ಕುಡಿಯದೆ ವಾಪಸ್ ಬಂದೆ.

ಗಿಟ್‌ನಲ್ಲಿ ಆಥರ್ (ಬರೆದವನು) ಬೇರೆ, ಕಮಿಟರ್ (ಸೇರಿಸಿದವನು) ಬೇರೆ ಅಂತ ಎರಡು ಜಾಗ ಇರೋದು ನನಗೆ ಗೊತ್ತಿಲ್ಲದ್ದೇನಲ್ಲ. ಅವನ ಕಮಿಟ್ಟನ್ನೇ ಎತ್ತಿಕೊಂಡು (ಚೆರಿ-ಪಿಕ್), ಲಿಂಟ್ ಸರಿಮಾಡಿ ಅಮೆಂಡ್ ಕೊಟ್ಟಿದ್ದರೂ ಆಥರ್ ಅವನೇ ಉಳಿಯುತ್ತಿದ್ದ. ನನ್ನ ಟೆಸ್ಟ್‌ಗೆ ಒಂದು ‘ಕೋ-ಆಥರ್ಡ್-ಬೈ’ ಸಾಕಿತ್ತು, ಗಿಟ್‌ಹಬ್ 2018ರಿಂದ ಅದನ್ನು ತೋರಿಸುತ್ತಿದೆ. ಲಿನಕ್ಸ್ ಕರ್ನಲ್‌ನವರು ಬಗ್ ತೋರಿಸಿದವರಿಗೆ, ಐಡಿಯಾ ಕೊಟ್ಟವರಿಗೆ, ಟೆಸ್ಟ್ ಮಾಡಿದವರಿಗೆ, ಜೊತೆಗೆ ಬರೆದವರಿಗೆ ಅಂತ ಬೇರೆ ಬೇರೆ ಟ್ಯಾಗ್ ಇಟ್ಟುಕೊಂಡಿದ್ದಾರೆ. ಬರೆದವನಿಗೆ ಬಗ್ ತೋರಿಸಿದವನ ಚೀಟಿ ಅಂಟಿಸಿದ್ದು ನಾನು.

ಲೀಡ್ ಹತ್ತಿರ ಹೋದೆ. ‘ಟ್ಯಾಗ್ ಹೊರಗೆ ಹೋಗಿದೆ, ಹಿಸ್ಟರಿ ಮುಟ್ಟಬೇಡಿ. ರಿಲೀಸ್ ನೋಟ್ಸ್‌ನಲ್ಲಿ ಹೆಸರು ಹಾಕಿ, ಸಾಕು’ ಅಂದರು. ಸಾಕಾಗಲ್ಲ. ಯಾರ ಕಮಿಟ್ ಯಾವುದು ಅಂತ ಪಟ್ಟಿ ಕೊಡೋ ಶಾರ್ಟ್‌ಲಾಗ್ ಹೊಡೆದರೆ ಬರೋದು ಆಥರ್ ಹೆಸರು, ನೋಟ್ಸ್ ಅಲ್ಲ. ಹಳೇ ಹಿಸ್ಟರಿ ಬದಲಿಸೋ ಫೋರ್ಸ್-ಪುಶ್ ಮಾಡದೆ, ನನ್ನ ಕಮಿಟ್ಟನ್ನು ರದ್ದು ಮಾಡೋ ಹೊಸ ಕಮಿಟ್ (ರಿವರ್ಟ್) ಹಾಕಿದೆ, ಅದರ ಮೇಲೆ ಅವನದ್ದನ್ನು ಹಾಕಿದೆ, ಕೊನೆಗೆ ನನ್ನ ಟೆಸ್ಟ್. ‘ಒಂದು ಸಾಲಿಗೆ ಮೂರು ಕಮಿಟ್ಟಾ, ಹಿಸ್ಟರಿ ಗಲೀಜಾಯ್ತಲ್ರೀ’ ಅಂತ ಲೀಡ್ ಗೊಣಗಿದರು. ಆಗಲಿ ಬಿಡಿ ಅಂದೆ. ಸಿಎಲ್‌ಎಯಲ್ಲಿ ಕಂಪನಿ ಜಾಗಕ್ಕೆ ‘ವಿದ್ಯಾರ್ಥಿ’ ಅಂತ ತುಂಬಿಸಿದೆವು. ಬಾಟ್ ತುಟಿಪಿಟಕ್ ಅನ್ನಲಿಲ್ಲ.

ತಮಾಷೆ ಅಂದರೆ, ಪುಣ್ಯಾತ್ಮ ಗಿಟ್ ಕಾನ್ಫಿಗ್‌ನಲ್ಲಿ ಹೆಸರೇ ಸರಿಯಾಗಿ ಹಾಕಿರಲಿಲ್ಲ. ಆಥರ್ ಜಾಗದಲ್ಲಿ ‘ಯೂಸರ್’ ಅಂತಿತ್ತು. ಹೇಗೆ ಬರೆಯಲಿ ಅಂತ ಕೇಳಿದೆ. ಕನ್ನಡದಲ್ಲೇ ಬರೀರಿ ಸರ್ ಅಂದ. ಹೆಸರಲ್ಲೊಂದು ಅರ್ಕಾವತ್ತು ಬೇರೆ. ಗಿಟ್ ತಕರಾರಿಲ್ಲದೆ ತಗೊಂಡಿತು, ನಮ್ಮ ಪಿಡಿಎಫ್‌ನಲ್ಲೂ ಮುದ್ದಾಗಿ ಬಂತು. ಮ್ಯಾನೇಜ್‌ಮೆಂಟ್‌ನವರ ಕಾಂಟ್ರಿಬ್ಯೂಷನ್ ಡ್ಯಾಶ್‌ಬೋರ್ಡ್‌ನಲ್ಲಿ ಮಾತ್ರ ಸಾಲಾಗಿ ಚೌಕ ಚೌಕ ಡಬ್ಬಿಗಳು. ಟಿಕೆಟ್ ಹಾಕಿ ಐದು ತಿಂಗಳಾಯಿತು. ಅಸೈನ್ ಆಗಿರೋದು ನನಗೇ.